ಸಾವಿರ ಪ್ರತಿಗಳ ಪುಣ್ಯ

ಕನ್ನಡ ಸಾಹಿತ್ಯ ಚರಿತ್ರೆಯನ್ನು ಸ್ವಲ್ಪವಾದರೂ ಓದಿದವರಿಗೆ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ಅಪರಿಚಿತವಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ ಬಾಳಿದ ಈ ಮಹಾಮಹಿಳೆ ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ರನ್ನನಿಂದ ‘ಅಜಿತಪುರಾಣ’ವನ್ನು ಬರೆಯಿಸಿದಳು. ಇವೆರಡೂ ಆ ಕಾಲದ ಶ್ರೀಮಂತರು ಮಾಡುತ್ತಿದ್ದ ಕೆಲಸಗಳೇ. ಆದರೆ ಅವಳು ಮಾಡಿದ ಮೂರನೆಯದೊಂದು ಕೆಲಸ ನಮ್ಮ ನಾಡಿನಲ್ಲಿ ಅಪೂರ್ವವಾದದ್ದು. ಪೊನ್ನನ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ, ಒಂದೊಂದು ಓಲೆಯನ್ನೂ ಕಂಠದಿಂದ ಕೊರೆಯಬೇಕಾಗಿದ್ದ ಕಾಲದಲ್ಲಿ, ಸಾವಿರ ಪ್ರತಿ ಎಂದರೆ ಎಷ್ಟು ಲಿಪಿಕಾರರ ಎಷ್ಟು ವರ್ಷದ ದುಡಿಮೆ ಎಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇದರ ಫಲವೇನಾಯಿತು? ‘ಶಾಂತಿಪುರಾಣ’ ಇಂದಿಗೂ ನಮ್ಮ ಕೈಯಲ್ಲಿದೆ. ಅದೇ ಪೊನ್ನ ಬರೆದ ‘ಭುವನೈಕರಾಮಾಭ್ಯುದಯ’ ಇಲ್ಲ. ರನ್ನನ ‘ಗದಾಯುದ್ಧ’ ಉಂಟು. ಅವನ ‘ಪರಶುರಾಮಚರಿತ’, ‘ಚಕ್ರೇಶ್ವರಚರಿತ’ಗಳು ಬರಿಯ ಹೆಸರುಗಳು. ಒಂದು ಕೃತಿ ಉಳಿಯುವುದಕ್ಕೆ ಅದು ಒಳ್ಳೆಯದಾಗಿದ್ದರೆ ಸಾಲದು. ಅದರ ಪ್ರತಿಗಳು ಹಲವು ಕಡೆ ಇರಬೇಕು. ಒಂದು ಮನೆಗೆ ಗೆದ್ದಲು ಹಿಡಿದರೆ ಇನ್ನೊಂದು ಮನೆಯಲ್ಲಿ ಉಳಿದಿರಬೇಕು.

ಈ ಪಾಠವನ್ನು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತ ಬಂದವನು ನಾನು. ಕೆಲವು ವರ್ಷಗಳ ಹಿಂದೆ, ಅನಂತಮೂರ್ತಿಯವರ ‘ಘಟಶ್ರಾದ್ಧ’ ಕತೆಯನ್ನು ಓದಿಸಿದ ದಿನ, ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಇದು ಸಿನಿಮಾ ಆಗಿದೆಯಂತಲ್ಲ ಸಾರ್, ಎಲ್ಲಿ ನೋಡಬಹುದು?” ಎಂದು ಕೇಳಿದಳು. ಪುಸ್ತಕದ ಪ್ರಶ್ನೆಯಾಗಿದ್ದರೆ ಗ್ರಂಥಭಂಡಾರದ ಕಪಾಟನ್ನು ತೋರಿಸಬಹುದಾಗಿತ್ತು. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಚಿತ್ರದ ವಿಷಯವಾಗಿ ಹತ್ತು ನಿಮಿಷ ಮಾತಾಡಿದೆ. ಆಕೆ ಸುಮ್ಮನೆ ಕೇಳಿಸಿಕೊಂಡು ಕುಳಿತಳು. ಚಿತ್ರವನ್ನು ಕಂಡವನು ಕಾಣದವರಿಗೆ ಅದನ್ನು ವರ್ಣಿಸುವುದು ಎಷ್ಟು ಬಡ ಕೆಲಸವೆಂಬುದು ಅಂದು ಗೊತ್ತಾಯಿತು. ಅಂದಿನಿಂದ, ಎಲ್ಲರೂ ಹೊಗಳುವ, ಆದರೆ ಯಾರ ಮನೆಯಲ್ಲೂ ಇಲ್ಲದ ಚಿತ್ರಗಳ ಚರಿತ್ರೆಯನ್ನು ಒಂದಿಷ್ಟು ಹುಡುಕಿ ಓದುತ್ತ ಬಂದಿದ್ದೇನೆ. ಆ ಓದಿನ ಸಾರ ಈ ಲೇಖನ.

ನಮ್ಮ ಭಾಷೆಯ ಮೊದಲ ಚಿತ್ರದಿಂದಲೇ ಆರಂಭಿಸೋಣ. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ‘ಸತಿ ಸುಲೋಚನ’ ಬಿಡುಗಡೆಯಾಯಿತು. ಬೆಳ್ಳಿಯ ಪರದೆಯ ಮೇಲೆ ಕನ್ನಡ ಮಾತು ಕೇಳಿಬಂದದ್ದು ಅದೇ ಮೊದಲು. ‘ಭಕ್ತ ಧ್ರುವ’ ಎಂಬ ಚಿತ್ರದ ಕೆಲಸ ಅದಕ್ಕಿಂತ ಮುಂಚೆಯೇ ಮೊದಲಾಗಿದ್ದರೂ ತೆರೆ ಕಾಣುವ ಓಟದಲ್ಲಿ ‘ಸುಲೋಚನ’ಯೇ ಗೆದ್ದಿತು. ಹಣ ಹಾಕಿದವರು ಬೆಂಗಳೂರಿನ ವ್ಯಾಪಾರಿ ಚಮನ್‌ಲಾಲ್ ಡುಂಗಾಜಿ, ನಿರ್ದೇಶಕರು ವೈ. ವಿ. ರಾವ್. ಕನ್ನಡ ನಾಡಿನಲ್ಲಿ ಆಗ ಮಾತಿನ ಚಿತ್ರ ತೆಗೆಯುವ ಸೌಕರ್ಯವಿರಲಿಲ್ಲವಾದ್ದರಿಂದ ತಂಡವೆಲ್ಲ ಕೊಲ್ಹಾಪುರಕ್ಕೆ ಹೋಗಿ ಅಲ್ಲಿನ ಛತ್ರಪತಿ ಸ್ಟುಡಿಯೋದಲ್ಲಿ ಚಿತ್ರವನ್ನು ಮುಗಿಸಿತು. ವೃತ್ತಿ ರಂಗಭೂಮಿಯ ಹುಲಿಗಳಾದ ಆರ್. ನಾಗೇಂದ್ರರಾಯರು ರಾವಣ, ಎಂ. ವಿ. ಸುಬ್ಬಯ್ಯ ನಾಯುಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ. ಮಾತು, ಹಾಡು ಎರಡನ್ನೂ ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ತಗಲಿದ ವೆಚ್ಚ ಸುಮಾರು 40,000 ರೂಪಾಯಿ ಎಂದು ಚಿತ್ರರಂಗದ ಚರಿತ್ರೆಗಳು ಹೇಳುತ್ತವೆ.

ಇಷ್ಟೆಲ್ಲ ನಮಗೆ ಗೊತ್ತು. ಗೊತ್ತಿಲ್ಲದ್ದು ಒಂದೇ, ಚಿತ್ರ. ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ. ಸುಬ್ಬಯ್ಯ ನಾಯುಡು ಅವರ ಇಂದ್ರಜಿತು ಹೇಗೆ ಗರ್ಜಿಸಿದ, ತ್ರಿಪುರಾಂಬ ಹೇಗೆ ಹಾಡಿದರು ಎಂಬುದನ್ನು ಕಂಡು ಹೇಳಬಲ್ಲವರು ಕಾಲವಶರಾದರು. ನಮಗೆ ಉಳಿದದ್ದು ಕೆಲವು ಸ್ಥಿರಚಿತ್ರಗಳು, ಬರೆದಿಟ್ಟ ನೆನಪುಗಳು. ಮೊದಲನೆಯ ಗುಣವರ್ಮನ ‘ಶೂದ್ರಕ’ ನಷ್ಟವಾಗಿ, ಮುಂದಿನವರು ತಮ್ಮ ಗ್ರಂಥಗಳಲ್ಲಿ ಎತ್ತಿಕೊಂಡ ಪದ್ಯಗಳಿಂದಲೇ ಆ ಕವಿಯನ್ನು ನಾವು ಊಹಿಸಿಕೊಳ್ಳುತ್ತೇವಲ್ಲ, ಇದೂ ಹಾಗೆಯೇ. ವ್ಯತ್ಯಾಸವಿಷ್ಟೆ: ಗುಣವರ್ಮನಿಗೂ ನಮಗೂ ನಡುವೆ ಸಾವಿರದ ನೂರು ವರ್ಷಗಳಿವೆ. ‘ಸುಲೋಚನ’ಗೂ ನಮಗೂ ನಡುವೆ ಒಂದು ದೀರ್ಘಾಯುಷ್ಯ ಮಾತ್ರ.

ಇದು ಕನ್ನಡದ ದೌರ್ಭಾಗ್ಯವೊಂದೇ ಅಲ್ಲ. 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ತೆರೆಕಂಡ ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ ಸಹ ಇಲ್ಲ. ಅದಕ್ಕೂ ಮುಂಚೆ ನಮ್ಮ ದೇಶದಲ್ಲಿ 1,300ಕ್ಕೂ ಹೆಚ್ಚು ಮೂಕಚಿತ್ರಗಳು ತಯಾರಾದವೆಂದು ಲೆಕ್ಕ. ತುಣುಕುಗಳನ್ನೂ ಸೇರಿಸಿಕೊಂಡು ಎಣಿಸಿದರೂ ಉಳಿದವು ಮೂವತ್ತರ ಆಸುಪಾಸು.

ಹೀಗೇಕಾಯಿತು? ಕಾರಣಗಳಲ್ಲಿ ಒಂದು ರಸಾಯನಶಾಸ್ತ್ರದ್ದು, ಇನ್ನೊಂದು ಅರ್ಥಶಾಸ್ತ್ರದ್ದು.

1950ರ ದಶಕದ ಆರಂಭದವರೆಗೆ ಚಿತ್ರಗಳನ್ನು ಸೆಲ್ಯುಲೋಸ್ ನೈಟ್ರೇಟ್ ಎಂಬ ಪದಾರ್ಥದ ಸುರುಳಿಗಳ ಮೇಲೆ ಮುದ್ರಿಸುತ್ತಿದ್ದರು. ಹತ್ತಿಯ ನಾರಿನ ಮೇಲೆ ನೈಟ್ರಿಕ್ ಆಮ್ಲ ಕೆಲಸ ಮಾಡಿದಾಗ ಹುಟ್ಟುವ ಈ ಪದಾರ್ಥ ಸಿಡಿಮದ್ದಿಗೆ ಹತ್ತಿರದ ನಂಟ. ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರದು. ಉರಿಯಲು ಬೇಕಾದ ಆಮ್ಲಜನಕ ಅದರ ಒಡಲಲ್ಲೇ ಇರುತ್ತದೆ. ಬೆಂಕಿ ತಗಲದಿದ್ದರೂ ನಮ್ಮ ಸೆಕೆಗೆ, ತೇವಕ್ಕೆ ಅದು ಮೆಲ್ಲಗೆ ಕೊಳೆಯುತ್ತದೆ: ಮೊದಲು ಬಿಂಬ ಮಾಸುತ್ತದೆ, ಆಮೇಲೆ ಸುರುಳಿ ಅಂಟಾಗುತ್ತದೆ, ಕೊನೆಗೆ ಡಬ್ಬಿಯ ತಳದಲ್ಲಿ ಕಂದು ಬಣ್ಣದ ಪುಡಿ ಉಳಿಯುತ್ತದೆ. ಮುಂದೆ ಬಂದ ಅಸಿಟೇಟ್ ಸುರುಳಿಗಳಿಗೆ ಬೆಂಕಿಯ ಭಯವಿಲ್ಲ. ಆದರೆ ಸರಿಯಾಗಿ ತಂಪಿನಲ್ಲಿಡದಿದ್ದರೆ ಅವೂ ಹುಳಿತು, ವಿನಿಗರಿನ ವಾಸನೆ ಬೀರುತ್ತ ಸುರುಟಿಕೊಳ್ಳುತ್ತವೆ.

ಇನ್ನು ಅರ್ಥಶಾಸ್ತ್ರ. ಚಿತ್ರವೆಂದರೆ ನಿರ್ಮಾಪಕನಿಗೆ ಕಾವ್ಯವಲ್ಲ, ಸರಕು. ಪ್ರತಿಯೊಂದು ಪ್ರತಿಗೂ ಹಣ ಸುರಿಯಬೇಕಾದ್ದರಿಂದ ವ್ಯಾಪಾರಕ್ಕೆ ಎಷ್ಟು ಬೇಕೋ ಅಷ್ಟೇ ಪ್ರತಿಗಳನ್ನು ತೆಗೆಯುವುದು ವಾಡಿಕೆ. ಅವು ಪಟ್ಟಣದ ಚಿತ್ರಮಂದಿರದಲ್ಲಿ ಓಡಿ, ತಾಲ್ಲೂಕಿನಲ್ಲಿ ಓಡಿ, ಕೊನೆಗೆ ಹಳ್ಳಿಯ ಟೆಂಟುಗಳಲ್ಲಿ ಮೈಯೆಲ್ಲ ಗೀರಾಗಿ ಹಿಂದಿರುಗುವ ಹೊತ್ತಿಗೆ ಯಾರಿಗೂ ಬೇಡವಾಗುತ್ತಿದ್ದವು. ಕಪ್ಪುಬಿಳುಪು ಚಿತ್ರದ ಬಿಂಬವೆಂದರೆ ಬೆಳ್ಳಿಯ ಸೂಕ್ಷ್ಮ ಕಣಗಳು. ಹಳೆಯ ಸುರುಳಿಯನ್ನು ತೂಕಕ್ಕೆ ಕೊಂಡು, ತೊಳೆದು, ಆ ಬೆಳ್ಳಿಯನ್ನು ತೆಗೆಯುವ ವ್ಯಾಪಾರಿಗಳು ಇದ್ದರು. ಬೆಳ್ಳಿಪರದೆ ಎಂಬ ಮಾತಿನ ಅರ್ಥ ಹೀಗೆ ಅಕ್ಷರಶಃ ನಿಜವಾಯಿತು. ಮಗಳ ಮದುವೆಗೆ ಅಜ್ಜಿಯ ಒಡವೆಯನ್ನು ಕರಗಿಸಿದ ಮನೆಗಳಂತೆ ಚಿತ್ರೋದ್ಯಮ ತನ್ನ ಹಿಂದಿನದನ್ನು ಕರಗಿಸಿ ಮುಂದಿನದನ್ನು ಮಾಡಿತು. ಆ ದಿನಗಳಲ್ಲಿ ಅದನ್ನು ತಪ್ಪೆಂದು ಯಾರೂ ಭಾವಿಸಲಿಲ್ಲ.

ತಪ್ಪೆಂದು ಭಾವಿಸಿದ ಒಬ್ಬರು ಪಿ. ಕೆ. ನಾಯರ್. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪುಣೆಯಲ್ಲಿ 1964ರಲ್ಲಿ ಸ್ಥಾಪಿತವಾಯಿತು; ಮರುವರ್ಷವೇ ಕೆಲಸಕ್ಕೆ ಸೇರಿದ ನಾಯರ್ 1991ರಲ್ಲಿ ನಿವೃತ್ತರಾಗುವವರೆಗೆ ಊರೂರು ಅಲೆದು, ಗೋದಾಮು ಅಟ್ಟಗಳನ್ನು ತಡಕಿ ಡಬ್ಬಿಗಳನ್ನು ತಂದರು. ಫಾಲ್ಕೆಯವರ ‘ಕಾಲಿಯಾ ಮರ್ದನ್’ (1919), ಅವರ ಮಗಳು ಮಂದಾಕಿನಿ ಬಾಲಕೃಷ್ಣನಾಗಿ ಕುಣಿದ ಚಿತ್ರ, ಇಂದು ನೋಡಸಿಗುವುದು ಫಾಲ್ಕೆಯವರ ಮನೆತನದವರಿಂದ ನಾಯರ್ ಸುರುಳಿಗಳನ್ನು ಪಡೆದು ತಂದದ್ದರಿಂದ. ಬಿ. ಎಲ್. ರೈಸ್, ಆರ್. ನರಸಿಂಹಾಚಾರ್ಯರು ಶಾಸನಗಳಿಗೂ ಓಲೆಗರಿಗಳಿಗೂ ಮಾಡಿದ್ದನ್ನು ನಾಯರ್ ಚಿತ್ರಗಳಿಗೆ ಮಾಡಿದರೆಂದರೆ ಅತಿಶಯೋಕ್ತಿಯಾಗದು. ಅವರು 2016ರ ಮಾರ್ಚ್ 4ರಂದು ತೀರಿಕೊಂಡರು.

ಆದರೆ ಒಂದು ಭಂಡಾರವನ್ನು ಕಟ್ಟಿದ ಮಾತ್ರಕ್ಕೆ ಗೆದ್ದೆವೆಂದು ತಿಳಿಯುವಂತಿಲ್ಲ. 2003ರ ಜನವರಿಯಲ್ಲಿ ಪುಣೆಯ ಚಲನಚಿತ್ರ ವಿದ್ಯಾಲಯದ ಆವರಣದ ಉಗ್ರಾಣಕ್ಕೆ ಬೆಂಕಿ ಬಿದ್ದು, ಅಲ್ಲಿ ಇರಿಸಿದ್ದ ಸಂಗ್ರಹಾಲಯದ ನೈಟ್ರೇಟ್ ಸುರುಳಿಗಳು ಅಪಾರ ಸಂಖ್ಯೆಯಲ್ಲಿ ಸುಟ್ಟುಹೋದವು. ಒಂದೇ ಕಡೆ ಇಟ್ಟದ್ದು ಒಂದೇ ದಿನ ಹೋಗಬಹುದು. ಸಾವಿರ ಕಡೆ ಇಟ್ಟದ್ದನ್ನು ಕಾಲನು ಸಾವಿರ ಸಲ ಹುಡುಕಬೇಕಾಗುತ್ತದೆ.

ಹೊರದೇಶಗಳ ಮೂರು ನಿದರ್ಶನಗಳಿಂದ ಇದು ಇನ್ನೂ ಸ್ಪಷ್ಟವಾಗುತ್ತದೆ.

ಜರ್ಮನಿಯ ಮುರ್ನೌ 1922ರಲ್ಲಿ ‘ನೊಸ್ಫೆರಾಟು’ ಎಂಬ ಭೀಕರ ಚಿತ್ರವನ್ನು ತೆಗೆದ. ಕತೆ ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಕಾದಂಬರಿಯದು, ಅನುಮತಿ ಪಡೆದಿರಲಿಲ್ಲ. ಕಾದಂಬರಿಕಾರನ ವಿಧವೆ ಮೊಕದ್ದಮೆ ಹೂಡಿದಳು. ಚಿತ್ರದ ಎಲ್ಲ ಪ್ರತಿಗಳನ್ನೂ ನಾಶಮಾಡಬೇಕೆಂದು 1925ರಲ್ಲಿ ಜರ್ಮನ್ ನ್ಯಾಯಾಲಯ ಆಜ್ಞೆಮಾಡಿತು. ಆಜ್ಞೆ ಜರ್ಮನಿಯಲ್ಲಿ ನಡೆಯಿತು. ಆದರೆ ಅಷ್ಟು ಹೊತ್ತಿಗೆ ಕೆಲವು ಪ್ರತಿಗಳು ಗಡಿ ದಾಟಿದ್ದವು. ಆ ಕಾರಣದಿಂದಲೇ ಚಿತ್ರ ಬದುಕಿತು.

ಫ್ರಿಟ್ಜ್ ಲಾಂಗನ ‘ಮೆಟ್ರೊಪೊಲಿಸ್’ 1927ರ ಜನವರಿಯಲ್ಲಿ ಬರ್ಲಿನ್ನಿನಲ್ಲಿ ತೆರೆಕಂಡಾಗ ಎರಡೂವರೆ ಗಂಟೆಯ ಚಿತ್ರ. ಪ್ರೇಕ್ಷಕರು ಮೆಚ್ಚಲಿಲ್ಲವೆಂದು ವ್ಯಾಪಾರಿಗಳು ಅದನ್ನು ಕತ್ತರಿಸಿದರು. ಕತ್ತರಿಸಿದ ಭಾಗಗಳು ಹೋದುವೆಂದೇ ಎಂಬತ್ತು ವರ್ಷ ಎಲ್ಲರೂ ನಂಬಿದ್ದರು. 2008ರಲ್ಲಿ ಅರ್ಜೆಂಟೈನಾ ದೇಶದ ಬ್ಯೂನಸ್ ಐರಿಸ್ ನಗರದ ಚಿತ್ರ ವಸ್ತುಸಂಗ್ರಹಾಲಯದಲ್ಲಿ ಹೆಚ್ಚುಕಡಿಮೆ ಪೂರ್ಣವಾದ ಪ್ರತಿಯೊಂದು ದೊರೆಯಿತು. ಕತ್ತರಿ ಬೀಳುವುದಕ್ಕೆ ಮುಂಚೆಯೇ ಆ ದೂರದೇಶಕ್ಕೆ ಹೋದ ಪ್ರತಿಯಿಂದ ಇಳಿಸಿಕೊಂಡ ಸಣ್ಣ ಅಳತೆಯ ನಕಲು ಅದು, ಗೀರುಗಳಿಂದ ತುಂಬಿತ್ತು. ಆದರೂ ಸುಮಾರು 25 ನಿಮಿಷಗಳ ಭಾಗ ಅದರಿಂದ ಮರಳಿ ಬಂತು.

ಮೂರನೆಯದು ಕತೆಗಿಂತ ವಿಚಿತ್ರ. ಡೆನ್ಮಾರ್ಕಿನ ಡ್ರೇಯರ್ 1928ರಲ್ಲಿ ತೆಗೆದ ‘ಜೋನ್ ಆಫ್ ಆರ್ಕಳ ಸಂಕಟ’ ಎಂಬ ಮೂಕಚಿತ್ರದ ಮೂಲ ನೆಗೆಟಿವ್ ಅದೇ ವರ್ಷದ ಡಿಸೆಂಬರಿನಲ್ಲಿ ಬರ್ಲಿನ್ನಿನ ಬೆಂಕಿಯಲ್ಲಿ ಹೋಯಿತು. ಡ್ರೇಯರ್ ಎದೆಗುಂದದೆ, ಮೊದಲ ಸಲ ಬಿಟ್ಟಿದ್ದ ಚಿತ್ರಿಕೆಗಳನ್ನೇ ಜೋಡಿಸಿ ಎರಡನೆಯದನ್ನು ಸಿದ್ಧಪಡಿಸಿದ. ಮರುವರ್ಷ ಅದಕ್ಕೂ ಬೆಂಕಿ ಬಿತ್ತು. ತನ್ನ ಚಿತ್ರ ಪೂರ್ಣರೂಪದಲ್ಲಿ ಉಳಿದಿದೆಯೆಂಬುದನ್ನು ತಿಳಿಯದೆಯೇ 1968ರಲ್ಲಿ ತೀರಿಕೊಂಡ. 1981ರಲ್ಲಿ ನಾರ್ವೆಯ ಆಸ್ಲೋ ಬಳಿಯ ಮಾನಸಿಕ ರೋಗಿಗಳ ಆಸ್ಪತ್ರೆಯೊಂದರ ಕಪಾಟನ್ನು ಶುಚಿಮಾಡುವಾಗ ಕೆಲವು ಡಬ್ಬಿಗಳು ಸಿಕ್ಕಿದವು. ತೆರೆದು ಪರೀಕ್ಷಿಸಿದರೆ, ಬೆಂಕಿಗೆ ಮುಂಚಿನ ಮೂಲ ಚಿತ್ರ!

ಮೂರು ಚಿತ್ರಗಳನ್ನೂ ಉಳಿಸಿದ್ದು ದೂರದ ಊರೊಂದರಲ್ಲಿ ಮರೆತುಹೋಗಿದ್ದ ಒಂದು ಹೆಚ್ಚಿನ ಪ್ರತಿ. ಅತ್ತಿಮಬ್ಬೆಗೆ ಗೊತ್ತಿದ್ದದ್ದು ಇದೇ.

ಈ ದೃಷ್ಟಿಯಿಂದ ನೋಡಿದರೆ, 1980ರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ ವಿಡಿಯೊ ಕ್ಯಾಸೆಟ್ಟು, ಅದರ ಹಿಂದೆ ಬಂದ ವಿ.ಸಿ.ಡಿ., ಡಿ.ವಿ.ಡಿ.ಗಳು ಬರಿಯ ಮನೋರಂಜನೆಯ ಸಾಧನಗಳಲ್ಲ. ಚಿತ್ರವೊಂದು ಗೃಹಸ್ಥನ ಕಪಾಟಿಗೆ, ಪುಸ್ತಕದ ಪಕ್ಕಕ್ಕೆ, ಬಂದದ್ದು ನಮ್ಮಲ್ಲಿ ಬಹುಮಟ್ಟಿಗೆ ಅದೇ ಮೊದಲು. 2007ರ ಸುಮಾರಿಗೆ ಮೋಸರ್ ಬೇರ್ ಎಂಬ ಸಂಸ್ಥೆ ವಿ.ಸಿ.ಡಿ.ಯನ್ನು 28 ರೂಪಾಯಿಗೆ, ಡಿ.ವಿ.ಡಿ.ಯನ್ನು 34 ರೂಪಾಯಿಗೆ ಮಾರಿತು. ಎರಡು ಮಸಾಲೆದೋಸೆಯ ಬೆಲೆಗೆ ಒಂದು ಚಿತ್ರ! ರಾಜಕುಮಾರರ ಚಿತ್ರಗಳು ಬಸ್‌ನಿಲ್ದಾಣದ ಅಂಗಡಿಗಳಲ್ಲಿ ತೂಗಿದವು.

ಆದರೆ ಈ ದಾನ ಸಮನಾಗಿ ಹಂಚಿಕೆಯಾಗಲಿಲ್ಲ. ಓಡಿದ ಚಿತ್ರ ಓಡುತ್ತಲೇ ಹೋಯಿತು. ಓಡದೆ ಪ್ರೀತಿಗೆ ಪಾತ್ರವಾದ ಚಿತ್ರಗಳು ಹಿಂದುಳಿದವು. ಅದಕ್ಕೂ ಕಾರಣಗಳುಂಟು. ತಟ್ಟೆಯೊಂದನ್ನು ಹೊರತರಬೇಕಾದರೆ ಮೊದಲು ಒಳ್ಳೆಯ ನೆಗೆಟಿವೋ ಪ್ರಿಂಟೋ ಬೇಕು. ಹಳೆಯ ಕನ್ನಡ ಚಿತ್ರಗಳು ಬಹುಪಾಲು ಮದರಾಸಿನಲ್ಲಿ ತಯಾರಾದುವು. ನೆಗೆಟಿವ್‌ಗಳೂ ಅಲ್ಲಿಯ ಲ್ಯಾಬೊರೇಟರಿಗಳಲ್ಲೇ ಉಳಿದುವು. ನಿರ್ಮಾಪಕ ತೀರಿಕೊಂಡಿರುತ್ತಾನೆ, ಮಕ್ಕಳಿಗೆ ಅದು ಎಲ್ಲಿದೆಯೆಂದು ಗೊತ್ತಿರುವುದಿಲ್ಲ. ಹಕ್ಕು ಯಾರದೆಂಬ ಕಾಗದ ಸಿಕ್ಕುವುದಿಲ್ಲ. ಸಿಕ್ಕಿದರೂ ಐನೂರು ಜನ ಕೊಳ್ಳುವ ಚಿತ್ರಕ್ಕೆ ಲಕ್ಷಗಟ್ಟಲೆ ಸುರಿಯುವವರು ಯಾರು?

ಇಂಥ ಚಿತ್ರಗಳಿಗೆ ಒಂದು ವಿಶೇಷವಾದ ಬಾಳುವೆ ಉಂಟು. ಅವುಗಳ ಅಭಿಮಾನಿಗಳು ಸಣ್ಣ ಬಳಗ, ಆದರೆ ಗಟ್ಟಿ ಬಳಗ. ಕಮಲ್ ಸ್ವರೂಪರ ಹಿಂದಿ ಚಿತ್ರ ‘ಓಂ ದರ್‌-ಬ-ದರ್’ 1988ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡರೂ ನಮ್ಮ ಚಿತ್ರಮಂದಿರಗಳಿಗೆ ಬರಲಿಲ್ಲ. ಕಾಲು ಶತಮಾನ ಅದು ನಕಲಿನ ನಕಲಾಗಿ, ಮಸುಕಿನ ಮೇಲೆ ಮಸುಕಾಗಿ, ವಿದ್ಯಾರ್ಥಿಯಿಂದ ವಿದ್ಯಾರ್ಥಿಗೆ ದಾಟಿತು. ಬಿಡುಗಡೆಯಾದದ್ದು 2014ರ ಜನವರಿಯಲ್ಲಿ. ಓಲೆಗರಿಯನ್ನು ಗುರುವಿನ ಮನೆಯಿಂದ ತಂದು ನಕಲುಮಾಡಿಕೊಳ್ಳುತ್ತಿದ್ದ ಶಿಷ್ಯರ ಪರಂಪರೆ ಇದಲ್ಲದೆ ಇನ್ನೇನು? ಪಾಠಾಂತರಗಳು, ಲುಪ್ತಭಾಗಗಳು ಎಲ್ಲವೂ ಇಲ್ಲಿಯೂ ಉಂಟು.

ನಮ್ಮ ನಾಡಿನ ವಿಷಯಕ್ಕೆ ಬರೋಣ. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ (1970) ಮೊದಲು ಸೆನ್ಸಾರಿನ ನಿಷೇಧಕ್ಕೆ ಗುರಿಯಾಗಿ, ಆಮೇಲೆ ಬಿಡುಗಡೆಯಾಗಿ, ಕನ್ನಡಕ್ಕೆ ಮೊದಲ ಸ್ವರ್ಣಕಮಲವನ್ನು ತಂದಿತು. ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ ‘ಘಟಶ್ರಾದ್ಧ’ (1977) ಸಹ ಸ್ವರ್ಣಕಮಲವನ್ನು ಪಡೆಯಿತು. ಈ ಚಿತ್ರಗಳನ್ನು ಕುರಿತು ಬರೆದ ಪುಟಗಳಿಗೆ ಲೆಕ್ಕವಿಲ್ಲ. ನೋಡಿದವರೋ? ಫಿಲ್ಮ್ ಸೊಸೈಟಿಯ ಸದಸ್ಯರು, ಹಾಗೂ ಹೆಗ್ಗೋಡಿನಂಥ ಕೆಲವು ಪುಣ್ಯಸ್ಥಳಗಳ ಜನ. ಕೆ. ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿ, ಪುಣೆಯ ಸಂಗ್ರಹಾಲಯದಿಂದ ಸುರುಳಿಗಳನ್ನು ತರಿಸಿ, ಅಡಕೆ ತೋಟದ ನಡುವಿನ ಹಳ್ಳಿಯವರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿತು. ಹಳ್ಳಿಯವರಿಗೆ ಅವು ಅರ್ಥವಾಗವೆಂಬ ಪಟ್ಟಣದವರ ಮಾತು ಅಲ್ಲಿ ಸುಳ್ಳಾಯಿತು. ಭಂಡಾರದಲ್ಲಿ ಇರುವುದನ್ನು ಜನರ ಎದುರಿಗೆ ತಂದಿಟ್ಟರೆ ಏನಾಗುತ್ತದೆಂಬುದಕ್ಕೆ ಹೆಗ್ಗೋಡು ಸಾಕ್ಷಿ.

ನಾನು ಮಾತ್ರ ‘ಘಟಶ್ರಾದ್ಧ’ವನ್ನು ಮೊದಲು ಕಂಡದ್ದು ಬಾಲ್ಯದಲ್ಲಿ, ನಂಟರ ಮನೆಯಲ್ಲಿ. ದೂರದರ್ಶನದಲ್ಲಿ ಬಂದದ್ದನ್ನು ಅವರು ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದರು. ನಾಣಿಯೆಂಬ ಆ ಪುಟ್ಟ ವಟುವಿನ ಮುಖ ನನಗಿಂದಿಗೂ ಕಣ್ಣಿಗೆ ಕಟ್ಟಿದಂತಿದೆ. ವಯಸ್ಸಾದ ಮೇಲೆ ಆ ಕ್ಯಾಸೆಟ್ಟನ್ನು ಕೇಳಿಕೊಂಡು ಹೋದೆ. ಮಳೆಗಾಲದ ತೇವಕ್ಕೆ ಅದರ ಪಟ್ಟಿಯ ಮೇಲೆಲ್ಲ ಬಿಳಿಯ ಬೂಷ್ಟು ಬೆಳೆದಿತ್ತು. ಅವರು ನಕ್ಕು, “ಇಷ್ಟು ದಿನ ಎಲ್ಲಿ ಹೋಗಿದ್ದೆ?” ಎಂದರು. ಅದು ನನಗೊಬ್ಬನಿಗೆ ಹಾಕಬೇಕಾದ ಪ್ರಶ್ನೆಯಲ್ಲವೆಂದು ಈಗ ಅನ್ನಿಸುತ್ತದೆ.

ಈ ಕತೆಗೆ ಒಂದು ಸಂತೋಷದ ಘಟ್ಟವೂ ಇದೆ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಹಾಗೂ ಅಮೆರಿಕೆಯ ಫಿಲ್ಮ್ ಫೌಂಡೇಶನ್ನಿನ ವಿಶ್ವ ಸಿನಿಮಾ ಯೋಜನೆ ಸೇರಿ ‘ಘಟಶ್ರಾದ್ಧ’ವನ್ನು ಪುನರುದ್ಧಾರ ಮಾಡಿದುವು. ಸರಕಾರಿ ಸಂಗ್ರಹಾಲಯದಲ್ಲಿ ಉಳಿದಿದ್ದ ಮೂಲ ನೆಗೆಟಿವ್ ಈ ಕೆಲಸಕ್ಕೆ ಆಧಾರ. ಗೀರು, ಕಲೆ, ಕುಲುಕಾಟಗಳನ್ನು ಒಂದೊಂದು ಚೌಕಟ್ಟಿನಲ್ಲೂ ಸರಿಪಡಿಸಿ ಸಿದ್ಧಪಡಿಸಿದ ಚಿತ್ರ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಎಸ್. ರಾಮಚಂದ್ರರ ಛಾಯಾಗ್ರಹಣ, ಬಿ. ವಿ. ಕಾರಂತರ ಸಂಗೀತ ನಲವತ್ತೇಳು ವರ್ಷಗಳ ತರುವಾಯ ಮೊದಲಿನ ಕಳೆಯಿಂದ ಎದ್ದುಬಂದುವು. ಇದು ಕನ್ನಡಿಗರು ಹೆಮ್ಮೆಪಡಬೇಕಾದ ವಿಷಯ. ಜೊತೆಗೆ ಸ್ವಲ್ಪ ನಾಚಬೇಕಾದದ್ದೂ ಹೌದು. ನಮ್ಮ ಮಲೆನಾಡಿನ ಅಗ್ರಹಾರದ ಕತೆಯನ್ನು ಉಳಿಸಲು ಸಾಗರದಾಚೆಯವರ ಕೈಯೂ ಬೇಕಾಯಿತಲ್ಲ!

ಆದರೂ ಪುನರುದ್ಧಾರ ಅರ್ಧ ಕೆಲಸ ಮಾತ್ರ. ಉತ್ಸವದಿಂದ ಉತ್ಸವಕ್ಕೆ ಸಂಚರಿಸುವ ಚಿತ್ರ ಇನ್ನೂ ಮಠದ ಪೆಟ್ಟಿಗೆಯಲ್ಲಿರುವ ಗ್ರಂಥದಂತೆ. ಈಗ ಎಲ್ಲವೂ ಅಂತರ್ಜಾಲದಲ್ಲಿ ಸಿಗುತ್ತದಲ್ಲ ಎಂದು ಕೆಲವರು ಕೇಳಬಹುದು. ಸಿಗುತ್ತದೆ, ತೋರಿಸುವವನಿಗೆ ಲಾಭವಿರುವವರೆಗೆ. ಕರಾರು ಮುಗಿದ ದಿನ ಆ ಚಿತ್ರ ಅಲ್ಲಿರುವುದಿಲ್ಲ; ನೋಡುತ್ತಿದ್ದವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ತಟ್ಟೆಯ ಅಂಗಡಿಗಳು ಬಹುಮಟ್ಟಿಗೆ ಮುಚ್ಚಿದ ಮೇಲೆ ನಾವು ಚಿತ್ರಗಳಿಗೆ ಬಾಡಿಗೆದಾರರಾಗಿದ್ದೇವೆಯೇ ಹೊರತು ಒಡೆಯರಲ್ಲ.

ಹಾಗೆಂದು ಕಳ್ಳಪ್ರತಿಗಳನ್ನು ನಾನು ಎತ್ತಿಹಿಡಿಯುತ್ತಿಲ್ಲ. ಬೆವರು ಸುರಿಸಿದವನಿಗೆ ಹಣ ಸಲ್ಲಲೇಬೇಕು. ನಮ್ಮ ಕಾಯಿದೆ ಚಲಚ್ಚಿತ್ರಕ್ಕೆ ಪ್ರಕಟವಾದ ವರ್ಷದ ಮುಂದಿನಿಂದ 60 ವರ್ಷಗಳ ಹಕ್ಕನ್ನು ಕೊಡುತ್ತದೆ. ಆಮೇಲೆ ಅದು ಸಾರ್ವಜನಿಕರ ಸೊತ್ತು. ನ್ಯಾಯವಾದ ಏರ್ಪಾಡೇ. ಆದರೆ 60 ವರ್ಷ ತುಂಬುವ ಹೊತ್ತಿಗೆ ಚಿತ್ರವೇ ಇಲ್ಲವಾದರೆ ಆ ಸೊತ್ತಿನಿಂದ ಯಾರಿಗೇನು ಪ್ರಯೋಜನ? ‘ಸತಿ ಸುಲೋಚನ’ವನ್ನು ಇಂದು ಯಾರು ಬೇಕಾದರೂ ಪ್ರದರ್ಶಿಸಬಹುದು. ಪ್ರದರ್ಶಿಸಲು ಚಿತ್ರ ಮಾತ್ರ ಇಲ್ಲ.

ಆಗಬೇಕಾದದ್ದು ದೊಡ್ಡದೇನೂ ಅಲ್ಲ. ಪ್ರಶಸ್ತಿ ಪಡೆದ, ಸಹಾಯಧನ ಪಡೆದ ಪ್ರತಿಯೊಂದು ಕನ್ನಡ ಚಿತ್ರದ ಒಳ್ಳೆಯ ಪ್ರತಿ, ಹಕ್ಕುದಾರರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿ, ನಾಡಿನ ವಿಶ್ವವಿದ್ಯಾಲಯಗಳ, ಜಿಲ್ಲಾ ಗ್ರಂಥಾಲಯಗಳ ಕಪಾಟುಗಳಿಗೆ ಬರಲಿ. ಪುಸ್ತಕ ಕೇಳಿದಂತೆ ಅದನ್ನು ಕೇಳಿ ನೋಡುವಂತಾಗಲಿ. ಸಾವಿರ ಬೇಡ, ನೂರು ಕಡೆ ಇದ್ದರೂ ಸಾಕು. ಹಾಗೆಯೇ, ಈ ಅಂಕಣವನ್ನು ಓದುವವರಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ತುಕ್ಕು ಹಿಡಿದ ತಗಡಿನ ಡಬ್ಬಿಯೊಂದು ಇದ್ದರೆ, ಅಜ್ಜ ಚಿತ್ರಮಂದಿರ ನಡೆಸುತ್ತಿದ್ದರೆಂದೋ ಟೆಂಟು ಹಾಕುತ್ತಿದ್ದರೆಂದೋ ಕೇಳಿದ ನೆನಪಿದ್ದರೆ, ದಯವಿಟ್ಟು ಅದನ್ನು ಗುಜರಿಯವನಿಗೆ ತೂಗಿಹಾಕಬೇಡಿ. ಒಲೆಯ ಹತ್ತಿರ ಇಡಬೇಡಿ, ನೀವೇ ಬಿಚ್ಚಿ ನೋಡಲೂ ಹೋಗಬೇಡಿ. ಪುಣೆಯ ಸಂಗ್ರಹಾಲಯಕ್ಕೆ ಒಂದು ಕಾಗದ ಬರೆಯಿರಿ. ಆಸ್ಲೋದ ಕಪಾಟಿನಲ್ಲಿ ಡ್ರೇಯರನ ಚಿತ್ರ ಸಿಕ್ಕಿತೆಂದ ಮೇಲೆ, ನಮ್ಮ ಚಾಮರಾಜಪೇಟೆಯಲ್ಲೋ ದಾವಣಗೆರೆಯಲ್ಲೋ ಸುಲೋಚನೆ ಇನ್ನೂ ಕಾದು ಕುಳಿತಿಲ್ಲವೆಂದು ಹೇಳುವವರಾರು?

ಆ ವಿದ್ಯಾರ್ಥಿನಿ ಈಗ ತಾನೇ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತಿದ್ದಾಳೆ. ಅವಳ ತರಗತಿಯಲ್ಲಿ ಯಾರಾದರೂ ಎದ್ದುನಿಂತು ಅದೇ ಪ್ರಶ್ನೆಯನ್ನು ಕೇಳಿದ ದಿನ, ಅವಳಿಗೆ ಕಪಾಟಿನ ಕಡೆ ಕೈತೋರಿಸಲು ಸಾಧ್ಯವಾಗಲಿ.